ಕೋರ್‌ಗೆ ‘ತಿರುಳು’ ಸರಿಯೇ? ಮತ್ತೆ ‘ಬಳಸು’, ‘ದುಡಿಸು’ ಬಗ್ಗೆ

ಎಲ್ಲರಿಗೂ ನಮಸ್ಕಾರ,

ಮೂಡಿಗೆರೆಯಿಂದ ಬರೆಯುತ್ತಿದ್ದೇನೆ. ಅಕ್ಕನ ಮಗ ಎಂಟು ಕೋರಿನ ಲ್ಯಾಪ್‌ಟಾಪ್ ತಂದಿದ್ದಾನೆ. ಕೋರ್ ಅಂದರೆ ಕಂಪ್ಯೂಟರಿನ ಲೆಕ್ಕ ಮಾಡುವ ಚಿಪ್ಪಿನೊಳಗೆ (ಪ್ರೊಸೆಸರ್) ತನ್ನ ಪಾಡಿಗೆ ತಾನು ಕೆಲಸ ಮಾಡುವ ಒಂದೊಂದು ಘಟಕ. ಗೇಮ್ ಆಡುವಾಗ ಯಾವ ಕೋರ್ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದ. ಎಂಟು ಕೋರಿನ ಗೆರೆಗಳೂ ಏಳುತ್ತಾ ಬೀಳುತ್ತಾ ಇದ್ದವು, ಆದರೆ ಒಟ್ಟು ಲೆಕ್ಕ ಶೇ. 30 ದಾಟಲಿಲ್ಲ. ‘ಮಾವ, ಇದು ಎಲ್ಲಾ ಕೋರ್ ಬಳಸ್ತಾ ಇದೆಯೋ ಇಲ್ವೋ?’ ಅಂದ. ಕನ್ನಡದಲ್ಲೇ ಬರೆದುಕೊಡೋಣ ಅಂತ ಕೂತೆ. ಎರಡು ಕಡೆ ತಡವರಿಸಿದೆ.

ಮೊದಲು ಕೋರ್. ಇದಕ್ಕೆ ‘ತಿರುಳು’ ನನಗೆ ಒಗ್ಗುವುದಿಲ್ಲ. ಒಂದು ಹಣ್ಣಿಗೆ, ಒಂದು ಮಾತಿಗೆ ಒಂದೇ ತಿರುಳು ಅಲ್ವಾ? ಎಂಟು ತಿರುಳು ಅಂತ ಎಣಿಸುವುದು ಹೇಗೆ? ‘ತೊಳೆ’ ಆಗಬಹುದೇ? ಕಿತ್ತಳೆ ಸುಲಿದರೆ ಒಂದೇ ಸಿಪ್ಪೆಯೊಳಗೆ ಹತ್ತು ತೊಳೆ, ಪ್ರತಿಯೊಂದಕ್ಕೂ ಅದರದೇ ಪೊರೆ. ‘ಎಂಟು ತೊಳೆಯ ಪ್ರೊಸೆಸರ್’ ಅಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಥ್ರೆಡ್‌ಗೆ, ಅಂದರೆ ಪ್ರೋಗ್ರಾಮಿನೊಳಗೆ ಒಂದರ ಹಿಂದೆ ಒಂದಾಗಿ ಸಾಗುವ ಕೆಲಸದ ಸರಣಿಗೆ, ‘ಎಳೆ’ ಚೆನ್ನಾಗಿದೆ, ತಕರಾರಿಲ್ಲ.

ಜಾಸ್ತಿ ತೊಡಕು ‘ಬಳಸು’ ಪದದ್ದು. ಒಂದೇ ಎಳೆಯನ್ನು ವಿಂಡೋಸ್ ಈ ಕೋರಿನಿಂದ ಆ ಕೋರಿಗೆ ದಾಟಿಸುತ್ತಾ ಇರಬಹುದು. ಆಗ ಎಂಟೂ ಬಳಕೆಯಾದವು ಅನ್ನುವುದು ಸುಳ್ಳಲ್ಲ, ಆದರೆ ಒಂದು ಗಳಿಗೆಯಲ್ಲಿ ಆ ಎಳೆಗಾಗಿ ದುಡಿದದ್ದು ಒಂದೇ ಕೋರ್, ಒಟ್ಟು ಲೆಕ್ಕದಲ್ಲಿ ಅದು ಶೇ. 12.5 ಅಷ್ಟೇ. ನಮ್ಮಲ್ಲಿ ಕಾಫಿ ಕೊಯ್ಲಿನಲ್ಲಿ ಎಂಟು ಜನ ಎಂಟು ಸಾಲು ಹಿಡಿದು ಕೊಯ್ಯುತ್ತಾರೆ, ಸಂಜೆ ಹಣ್ಣು ತೂಗಿ ಬರೆದುಕೊಳ್ಳುವವರು ರೈಟರು ಒಬ್ಬರೇ, ಎಂಟೂ ಜನ ಚೀಲ ಇಳಿಸಿ ಕಾಯಬೇಕು. ಹದಿನಾರು ಜನ ಬಂದರೂ ತಕ್ಕಡಿ ಒಂದೇ. ಗೇಮ್‌ನಲ್ಲೂ ಹಾಗೇ. ಒತ್ತಿದ ಗುಂಡಿ ಓದಿದ ಮೇಲೆ ಪಾತ್ರ ಸರಿಯಬೇಕು, ಸರಿದ ಮೇಲೆ ಯಾವುದಕ್ಕೆ ತಾಗಿತು ಅಂತ ನೋಡಬೇಕು, ಆಮೇಲೆ ಚಿತ್ರ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡ್ ಮಾತ್ರ. ಅರ್ಧ ಕೆಲಸ ಹೀಗೆ ಒಂದರ ಹಿಂದೆ ಒಂದಾಗಿಯೇ ನಡೆಯಬೇಕಾದರೆ ಎಷ್ಟು ಕೋರ್ ಸೇರಿಸಿದರೂ ವೇಗ ಎರಡು ಪಟ್ಟು ದಾಟದು. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ ಮಂಡಿಸಿದ ವಾದದಿಂದ ಬಂದ ಲೆಕ್ಕ ಇದು. ಹಾಗಂತ ಗೇಮ್ ಮಾಡುವವರು ಸುಮ್ನೆ ಕೂತಿಲ್ಲ. 2015ರ ಡೈರೆಕ್ಟ್‌ಎಕ್ಸ್ 12, 2016ರ ವಲ್ಕನ್ (ಎರಡೂ ಗೇಮ್ ಮತ್ತು ಗ್ರಾಫಿಕ್ಸ್ ಕಾರ್ಡಿನ ನಡುವಿನ ಸಾಫ್ಟ್‌ವೇರ್ ಕೊಂಡಿಗಳು) ಬಂದ ಮೇಲೆ ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಬರೆದುಕೊಡುವುದನ್ನು ಹಲವು ಎಳೆಗಳಿಗೆ ಹಂಚುವುದು ಸಲೀಸಾಗಿದೆ.

ಹಾಗಾಗಿ ಅವನಿಗೆ ‘ಗೇಮ್ ಎಲ್ಲಾ ಕೋರ್‌ಗಳನ್ನೂ ಬಳಸುತ್ತದೆ, ಆದರೆ ಪೂರ್ತಿ ದುಡಿಸಿಕೊಳ್ಳುವುದಿಲ್ಲ’ ಅಂತ ಬರೆದೆ. ಒಂದು ಅಳುಕಿದೆ. ‘ದುಡಿಸಿಕೊಳ್ಳು’ ಅಂದರೆ ಆಳನ್ನು ಹಿಂಡಿದ ಧ್ವನಿ ಬರುತ್ತದೆ. ಯಂತ್ರಕ್ಕೆ ಹೊಂದುತ್ತದೆಯೇ, ಬೇರೆ ಪದ ಇದೆಯೇ? ಹಾಸನದ ಕಡೆಯವರು ಹಲಸಿಗೂ ಕಿತ್ತಳೆಗೂ ‘ತೊಳೆ’ ಅಂತಲೇ ಹೇಳುತ್ತೀರಾ, ಅದನ್ನೂ ತಿಳಿಸಿ.