ಏಕೀಕೃತ ಇಟಲಿಯಲ್ಲಿ ಆಳುವವರ ಕಣ್ಣಿಗೆ ರೈತ ಹೇಗೆ ಕಂಡ?

ಪಾಠದಮನೆ:
ಮಗಳಿಗೆ ಇಟಲಿಯ ಏಕೀಕರಣದ ಪಾಠ ಹೇಳಿಕೊಡುತ್ತಿದ್ದೇನೆ. ದೇಶವನ್ನು ಒಗ್ಗೂಡಿಸಿದ ನಾಯಕರಾದ ಮ್ಯಾಟ್ಸಿನಿ, ಪ್ರಧಾನಿ ಕವೂರ್, ದಂಡನಾಯಕ ಗ್ಯಾರಿಬಾಲ್ಡಿ ಎಲ್ಲರೂ ಇದ್ದಾರೆ, ಉಳುವವರ ಸುದ್ದಿಯೇ ಇಲ್ಲ. ಸಿಸಿಲಿಯ ರೈತರು ಗ್ಯಾರಿಬಾಲ್ಡಿಯ ಜೊತೆ ನಿಂತರಂತೆ. ಆಮೇಲೆ ಅದೇ ದಕ್ಷಿಣದ ರೈತರ ಮೇಲೆ ಸೈನ್ಯ ಬಿಟ್ಟರಂತೆ. ಹೊಸ ಸರ್ಕಾರ ಅವರನ್ನು ತನ್ನ ಜನವೆಂದು ಎಣಿಸಿತ್ತೇ?

ಹಳೆಯ ಮೇಷ್ಟ್ರು:
ತೆರಿಗೆಗೆ ಎಣಿಸಿತ್ತು, ಮತಕ್ಕೆ ಎಣಿಸಲಿಲ್ಲ. 1861ರಲ್ಲಿ ಮತ ಹಾಕಲು ಇಪ್ಪತ್ತೈದು ವರ್ಷ ತುಂಬಿದ ಗಂಡಸಾಗಿರಬೇಕು, ಓದು ಬರಹ ಬರಬೇಕು, ಸಾಮಾನ್ಯವಾಗಿ ವರ್ಷಕ್ಕೆ 40 ಲೀರಾ ನೇರ ತೆರಿಗೆಯನ್ನೂ ಕಟ್ಟಿರಬೇಕು. ಒಟ್ಟು ಜನರಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಮಾತ್ರ ಮತ ಉಳಿಯಿತು. 1869ರಿಂದ ಹಿಟ್ಟಿನ ತೆರಿಗೆ ಬಂತು. ಬೀಸುವ ಕಲ್ಲು ಎಷ್ಟು ಸುತ್ತು ತಿರುಗಿತೆಂದು ಲೆಕ್ಕವಿಡುವ ಯಂತ್ರವನ್ನೇ ಗಿರಣಿಗೆ ಕೂರಿಸಿದರು. ಜಮೀನಿಲ್ಲದ ಕೂಲಿಯವನೂ ಇದರಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ.

ಇನ್ನು ಸಿಸಿಲಿ. 1860ರ ಜೂನ್‌ನಲ್ಲಿ ಗ್ಯಾರಿಬಾಲ್ಡಿ, ಹೋರಾಟಕ್ಕೆ ಬಂದವರಿಗೆ ಊರೊಟ್ಟಿನ ಭೂಮಿಯಲ್ಲಿ ಪಾಲು ಕೊಡುವುದಾಗಿ ಆಜ್ಞೆ ಹೊರಡಿಸಿದ. ಎಟ್ನಾ ಬೆಟ್ಟದ ಬುಡದ ಬ್ರೊಂಟೆಯ ರೈತರು ಅದನ್ನು ನಂಬಿದರು. ಅಲ್ಲಿನ ದೊಡ್ಡ ಜಮೀನು ಇಂಗ್ಲೆಂಡಿನ ನೌಕಾ ಸೇನಾನಿ ನೆಲ್ಸನ್‌ನ ವಾರಸುದಾರರದು. ಭೂಮಿ ಹಂಚಿಕೆ ಆಗದಿದ್ದಾಗ ಆಗಸ್ಟ್‌ನಲ್ಲಿ ದಂಗೆ ಎದ್ದಿತು. ಊರ ಯಜಮಾನರ ಕಡೆಯ ಹಲವರನ್ನು ರೈತರು ಕ್ರೂರವಾಗಿ ಕೊಂದರು, ಅದನ್ನು ಮುಚ್ಚಿಡುವುದಿಲ್ಲ. ಗ್ಯಾರಿಬಾಲ್ಡಿಯ ಸೇನಾನಿ ನಿನೊ ಬಿಕ್ಸಿಯೊ ಬಂದ. ಅವಸರದ ವಿಚಾರಣೆ ನಡೆದು, ಆಗಸ್ಟ್ 10ರಂದು ಐವರಿಗೆ ಗುಂಡಿಟ್ಟರು. ಅವರಲ್ಲಿ ಒಬ್ಬ ರೈತರ ಪರ ನಿಂತಿದ್ದ ವಕೀಲ ಲೊಂಬಾರ್ಡೊ. ಇನ್ನೊಬ್ಬ, ಊರಿಗೆಲ್ಲ ಹುಚ್ಚನೆಂದೇ ಗೊತ್ತಿದ್ದ ಬಡಪಾಯಿ.

ಅದೇ ಅಕ್ಟೋಬರ್‌ನಲ್ಲಿ ದಕ್ಷಿಣದ ಆಡಳಿತಕ್ಕೆ ಹೋದ ಫರೀನಿ, ಇದು ಇಟಲಿಯಲ್ಲ ಆಫ್ರಿಕಾ, ಈ ರೈತರ ಮುಂದೆ ಮರುಭೂಮಿಯ ಅಲೆಮಾರಿ ಬೆದೂಯಿನರೇ ಸಭ್ಯರು ಎಂದು ಕವೂರ್‌ಗೆ ಬರೆದ. ನನಗೆ ಸಿಟ್ಟು ಬರುವುದು ಬೈಗುಳಕ್ಕಲ್ಲ. ರೈತ ಹುಟ್ಟಾ ಅನಾಗರಿಕ ಎಂದುಬಿಟ್ಟರೆ ಭೂಮಿಯ ಪ್ರಶ್ನೆಗೆ ಉತ್ತರ ಕೊಡುವ ಗೋಜೇ ಇರುವುದಿಲ್ಲ! ನೀವು ಕೇಳಿದ ಸೈನ್ಯದ ವಿಷಯಕ್ಕೆ ಬಂದರೆ, 1863ರ ಪೀಕಾ ಕಾನೂನು ದಕ್ಷಿಣದ ದರೋಡೆಕೋರರನ್ನೂ ಅವರಿಗೆ ನೆರವಾದವರನ್ನೂ ಸೇನಾ ನ್ಯಾಯಾಲಯಕ್ಕೆ ಒಪ್ಪಿಸಿತು.

ಜೋಳದರೊಟ್ಟಿ:
ಮೇಷ್ಟ್ರೇ, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಫ್ರಾಂಕೆಟ್ಟಿ ಮತ್ತು ಸೊನ್ನಿನೊ ಎಂಬ ಇಬ್ಬರು ವಿದ್ವಾಂಸರು 1876ರಲ್ಲಿ ತಾವಾಗಿಯೇ ಸಿಸಿಲಿಯನ್ನು ಸುತ್ತಿ, ರೈತರ ದುಃಸ್ಥಿತಿಯನ್ನು ಬರೆದರು. 1877ರಲ್ಲಿ ಸಂಸತ್ತು ನೇಮಿಸಿದ ಯಾಚೀನಿ ಸಮಿತಿ ವರ್ಷಗಟ್ಟಲೆ ದೇಶದ ಕೃಷಿಯನ್ನು ಪರಿಶೀಲಿಸಿತು. ಮುಸುಕಿನ ಜೋಳದ ಅಂಬಲಿಯನ್ನೇ ತಿಂದು ಉತ್ತರದ ರೈತರು ಪೆಲ್ಲಾಗ್ರ ಎಂಬ ಪೌಷ್ಟಿಕಾಂಶ ಕೊರತೆಯ ರೋಗದಿಂದ ಚರ್ಮ ಸುಲಿದು, ಬುದ್ಧಿಭ್ರಮಣೆಯಾಗಿ ಸಾಯುತ್ತಿದ್ದುದನ್ನೂ ಆ ಕಾಲದ ವೈದ್ಯರು ದಾಖಲಿಸಿದ್ದಾರೆ.

ಹಳೆಯ ಮೇಷ್ಟ್ರು:
ಒಪ್ಪುತ್ತೇನೆ. ಆದರೆ ಆ ಸೊನ್ನಿನೊ ಮುಂದೇನಾದ ನೋಡಿ. ಸಿಸಿಲಿಯ ರೈತ ಸಂಘಗಳು ಗೇಣಿಯ ಕರಾರು ಬದಲಿಸಿ ಎಂದು ಎದ್ದು ನಿಂತಾಗ, 1894ರ ಜನವರಿಯಲ್ಲಿ ಪ್ರಧಾನಿ ಕ್ರಿಸ್ಪಿ ಅಲ್ಲಿ ಸೇನಾಡಳಿತ ಹೇರಿದ. ಕ್ರಿಸ್ಪಿ ಸಿಸಿಲಿಯವನೇ, 1860ರಲ್ಲಿ ಗ್ಯಾರಿಬಾಲ್ಡಿಯ ಜೊತೆ ಹಡಗಿನಲ್ಲಿ ಬಂದವನು. ಆ ಸಂಪುಟದ ಹಣಕಾಸು ಸಚಿವ ಸೊನ್ನಿನೊ. ಅದೇ ವರ್ಷ ದೊಡ್ಡ ಜಮೀನುಗಳನ್ನು ಒಡೆದು ಗೇಣಿಗೆ ಕೊಡುವ ಮಸೂದೆಯನ್ನೂ ಕ್ರಿಸ್ಪಿ ತಂದ. ಭೂಮಾಲೀಕರು ಒಪ್ಪಲಿಲ್ಲ, ಮಸೂದೆ ಬಿದ್ದುಹೋಯಿತು.