ಹಡಿಲು ಬಿದ್ದ ಒಂದು ಎಕ್ರೆ ಬೈಲು: ಅಡಿಕೆ ಇಡುವುದಾ, ಭತ್ತವೇ ಬೆಳೆಯುವುದಾ?

ಬೈಲಿನ ಮನೆ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಓದಿ, ಅನಿಸಿದ್ದನ್ನು ನೇರವಾಗಿ ಹೇಳಿ.

ನಮ್ಮ ಮನೆ ಎದುರು ಒಂದು ಎಕ್ರೆ ಬೈಲು ಗದ್ದೆ ಉಂಟು. ಅಪ್ಪ ಗಟ್ಟಿ ಇದ್ದಾಗ ಮಳೆಗಾಲದ ಏಣೇಲು, ಅದರ ನಂತರದ ಸುಗ್ಗಿ ಎರಡೂ ಬೆಳೆ ತೆಗೆಯುತ್ತಿದ್ದರು. ತೋಡಿನಲ್ಲಿ ನೀರು ನಿಂತ ವರ್ಷ ಕೆಳಗಿನ ಎರಡು ಗದ್ದೆಗೆ ಬೇಸಿಗೆಯ ಮೂರನೇ ಬೆಳೆ ಕೊಳಕೆಯೂ ಆಗುತ್ತಿತ್ತು. ಅವರಿಗೆ ಮೊಣಕಾಲು ನೋವು ಶುರುವಾದ ಮೇಲೆ ಬೆಳೆಯಿಲ್ಲದೆ ಹಡಿಲು ಬಿತ್ತು, ಈಗ ಐದು ವರ್ಷ. ಅವರು ಹೋಗಿ ಎರಡು ವರ್ಷ ಆಯಿತು. ಸೊಂಟದೆತ್ತರ ಹುಲ್ಲು, ಹುಣಿ (ಗದ್ದೆಯ ಬದು) ಎಲ್ಲಿ ಅಂತ ನಮಗೇ ಗೊತ್ತಾಗುವುದಿಲ್ಲ.

ಮಂಗಳೂರಿನಲ್ಲಿರುವ ಅಣ್ಣ ಕಳೆದ ವಾರ ಫೋನ್ ಮಾಡಿದ. "ಜೇಸೀಬಿಯವನ ಹತ್ತಿರ ಮಾತಾಡಿದ್ದೇನೆ, ಮಳೆಗೆ ಮೊದಲು ಕಣಿ ತೆಗೆದು ಮಣ್ಣು ಏರಿಸಿ ಅಡಿಕೆ ಸಸಿ ಇಡುವ" ಅಂದ. ಅವನ ಮಾತು ತಪ್ಪು ಅಂತ ನಾನು ಹೇಳಲಾರೆ. ಅಮ್ಮನ ಮದ್ದಿನ ಖರ್ಚು ಅವನೇ ನೋಡಿಕೊಳ್ಳುತ್ತಾನೆ, ಹಡಿಲು ಗದ್ದೆಯಿಂದ ಒಂದು ರೂಪಾಯಿ ಬರುವುದಿಲ್ಲ.

ಅದೇ ವಾರ ಶಾಲೆಯಲ್ಲಿ ಪಾಠಕ್ಕೆ ಬೇಕಾಗಿ ವಿಶ್ವಸಂಸ್ಥೆಯ ಆಹಾರ ವರದಿ ನೋಡುತ್ತಿದ್ದೆ. 2024ರಲ್ಲಿ ಲೋಕದಲ್ಲಿ ಸುಮಾರು 67.3 ಕೋಟಿ ಜನ ಹೊಟ್ಟೆಗಿಲ್ಲದೆ ಇದ್ದರಂತೆ. ನಮ್ಮ ಕೇರಳದ ಲೆಕ್ಕವೂ ನೋಡಿದೆ. 1970ರ ದಶಕದ ನಡುವಿನಲ್ಲಿ 8.8 ಲಕ್ಷ ಹೆಕ್ಟೇರಿನಷ್ಟು ಇದ್ದ ಭತ್ತದ ಗದ್ದೆ ಈಗ 2 ಲಕ್ಷ ಹೆಕ್ಟೇರಿನ ಆಸುಪಾಸಿನಲ್ಲಿದೆ. ನಾವು ಉಣ್ಣುವ ಜಯ ಅಕ್ಕಿ ಆಂಧ್ರದಿಂದ ಲಾರಿಯಲ್ಲಿ ಬರುತ್ತದೆ. ಮಕ್ಕಳಿಗೆ ಇದನ್ನೆಲ್ಲ ಹೇಳಿ ಮನೆಗೆ ಬಂದು ಆ ಹುಲ್ಲು ನೋಡುವಾಗ ಗಂಟಲು ಕಟ್ಟಿತು.

ನನ್ನ ಪ್ರಶ್ನೆ ಇಷ್ಟೇ. ಒಂದು ಎಕ್ರೆ ಉಳಿಸಿಕೊಂಡರೆ ಯಾರಿಗಾದರೂ ಪ್ರಯೋಜನ ಉಂಟಾ? ಅಲ್ಲ, ಅಪ್ಪನ ನೆನಪಿಗೆ ಸುಮ್ನೆ ಹಠ ಹಿಡಿಯುತ್ತಿದ್ದೇನಾ?

ಪೆರ್ಲದ ತೋಟದವ

ಟೀಚರೇ, ಮೊದಲು ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಅಣ್ಣ ಅದನ್ನೇ ಕೇಳುತ್ತಾರೆ. ಎಕ್ರೆಗೆ 15 ಕ್ವಿಂಟಾಲ್ ಭತ್ತ ಬಂತು ಅಂತ ಇಟ್ಟುಕೊಳ್ಳಿ. 2023-24ರಲ್ಲಿ ಕೇರಳದ ಖರೀದಿ ದರ ಕೆ.ಜಿ.ಗೆ 28 ರೂಪಾಯಿ 20 ಪೈಸೆ ಇತ್ತು. ಒಟ್ಟು 42,300 ಆಯಿತು. ಟಿಲ್ಲರಿನವರಿಗೆ, ನೇಜಿ (ಭತ್ತದ ಸಸಿ) ನೆಡುವವರಿಗೆ, ಕೊಯ್ಯುವವರಿಗೆ ಕೊಟ್ಟು ಮುಗಿಸಿದರೆ ಕೈಯಲ್ಲಿ ಉಳಿಯುವುದು ಬೈಹುಲ್ಲು ಮತ್ತು ಸ್ವಲ್ಪ ಅಕ್ಕಿ. ಗದ್ದೆ ಉಳಿಸಿಕೊಂಡವರಿಗೆ ಅಂತ ಸರಕಾರ 2020ರಲ್ಲಿ ರಾಯಲ್ಟಿ ಶುರು ಮಾಡಿತು, ಶುರುವಿನಲ್ಲಿ ಹೆಕ್ಟೇರಿಗೆ ವರ್ಷಕ್ಕೆ 2000 ರೂಪಾಯಿ ಇತ್ತು. ಎಕ್ರೆಗೆ ಹತ್ತಿರ ಹತ್ತಿರ 800. ನಮ್ಮ ಕಡೆ ಅದು ಒಬ್ಬ ಆಳಿನ ಒಂದು ದಿನದ ಸಂಬಳ. ಹಾಗಾಗಿ ಅಡಿಕೆ ಇಟ್ಟವರನ್ನು ನಾನು ಬಯ್ಯುವುದಿಲ್ಲ, ನಾನೂ ಇಟ್ಟವನೇ.

ಆದರೆ ಇಟ್ಟ ಮೇಲೆ ಏನಾಯಿತು ಅಂತಲೂ ಕೇಳಿ. ಇಪ್ಪತ್ತು ವರ್ಷದ ಹಿಂದೆ ನಮ್ಮ ಅರ್ಧ ಬೈಲಿಗೆ ಸಸಿ ಇಟ್ಟೆ. ಅಡಿಕೆಯ ಬುಡದಲ್ಲಿ ನೀರು ನಿಲ್ಲಬಾರದು, ಅದಕ್ಕೆ ಎರಡು ಸಾಲಿಗೊಂದರಂತೆ ಆಳದ ಕಣಿ ತೆಗೆಸಿದೆ. ಮಳೆ ನೀರೆಲ್ಲ ಆ ಕಣಿಯಲ್ಲಿ ಓಡಿ ತೋಡಿಗೆ, ತೋಡಿನಿಂದ ಹೊಳೆಗೆ. ಮೊದಲು ಗದ್ದೆಯಲ್ಲಿ ಮೂರು ತಿಂಗಳು ಗೇಣು ನೀರು ನಿಂತು ಮೆಲ್ಲ ಮೆಲ್ಲ ಇಂಗುತ್ತಿತ್ತು. ನಮ್ಮ ಬಾವಿಯಲ್ಲಿ ಒಳಗೆ ಇಳಿಯುವ ಮೆಟ್ಟಿಲು ಹದಿನಾಲ್ಕು. ಆಗ ವಿಷುವಿನ ಹೊತ್ತಿಗೆ ಒಂಬತ್ತನೇ ಮೆಟ್ಟಿಲಲ್ಲಿ ನೀರು ಇರುತ್ತಿತ್ತು. ಈಗ ಮಾರ್ಚ್ ಕೊನೆಗೇ ಕೊಡಪಾನ ಕಲ್ಲಿಗೆ ತಾಗುವ ಸದ್ದು ಕೇಳುತ್ತದೆ. ವರ್ಷಕ್ಕೆ 3500 ಮಿಲಿಮೀಟರ್ ಹತ್ತಿರ ಮಳೆ ಬೀಳುವ, ಹನ್ನೆರಡು ಹೊಳೆ ಇರುವ ಜಿಲ್ಲೆ ನಮ್ಮ ಕಾಸರಗೋಡು. ಆದರೂ ನಾನು ಬೋರು ಕೊರೆಸಬೇಕಾಯಿತು. ಮುರಕಲ್ಲಿನ ಗುಡ್ಡೆಯಲ್ಲಿ ನೀರು ನಿಲ್ಲುವುದಿಲ್ಲ ಮಾರಾಯ್ರೆ, ಅದನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಬೈಲೇ.

ಬೈಲಿನ ಅಡಿಕೆಗೆ ಬಿಸಿಲು ಕಡಿಮೆ, ತೇವ ಜಾಸ್ತಿ. ಕೊಳೆರೋಗ ಮೊದಲು ಹಿಡಿಯುವುದು ಅಲ್ಲೇ. ಬೋರ್ಡೋ ಮದ್ದು ಎರಡು ಸಲ ಸಾಲದೆ ಮೂರು ಸಲ ಬಿಡಿಸಿದ ವರ್ಷವೂ ಉಂಟು. ಹಾಗೆ ಕೊಳೆ ಬಂದ ವರ್ಷ ಅಡಿಕೆ ತಿಂದು ಹೊಟ್ಟೆ ತುಂಬುವುದಿಲ್ಲವಲ್ಲ.

ಇನ್ನೊಂದು. ಮಣ್ಣು ಏರಿಸುವ ಮೊದಲು ಕೃಷಿ ಭವನಕ್ಕೆ ಹೋಗಿ ಡಾಟಾ ಬ್ಯಾಂಕಿನಲ್ಲಿ, ಅಂದರೆ ಭತ್ತದ ಗದ್ದೆಗಳ ಸರಕಾರಿ ಪಟ್ಟಿಯಲ್ಲಿ, ನಿಮ್ಮ ಗದ್ದೆ ಉಂಟಾ ನೋಡಿ. ಇದ್ದರೆ ಗದ್ದೆ ಉಳಿಸುವ 2008ರ ಕಾನೂನು ಅಡ್ಡ ಬರುತ್ತದೆ. ಜೇಸೀಬಿಗೆ ಅಡ್ವಾನ್ಸ್ ಕೊಟ್ಟ ಮೇಲೆ ತಿಳಿದರೆ ಕಷ್ಟ.

ಉಪ್ಪಳದವ, ಈಗ ದುಬೈ

ನಾನು ಇಲ್ಲಿ ಒಂದು ದಿನಸಿ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಕ್ಕನ ಪ್ರಶ್ನೆಗೆ ನನ್ನ ಕಣ್ಣಾರೆ ಕಂಡದ್ದು ಹೇಳುತ್ತೇನೆ.

2023ರ ಜುಲೈ 20ಕ್ಕೆ ಭಾರತ ಬಾಸ್ಮತಿ ಅಲ್ಲದ ಬೆಳ್ತಿಗೆ ಅಕ್ಕಿಯ ರಫ್ತು ನಿಲ್ಲಿಸಿತು. ಲೋಕದ ಅಕ್ಕಿ ವ್ಯಾಪಾರದಲ್ಲಿ ಸುಮಾರು ನೂರಕ್ಕೆ ನಲ್ವತ್ತು ಪಾಲು ನಮ್ಮ ದೇಶದ್ದು. ಎಂಟೇ ದಿನದಲ್ಲಿ ಯುಎಇ ಕೂಡ ತನ್ನಲ್ಲಿರುವ ಅಕ್ಕಿ ಹೊರಗೆ ಹೋಗದ ಹಾಗೆ ನಾಲ್ಕು ತಿಂಗಳು ಬಾಗಿಲು ಹಾಕಿತು. ಆಗಸ್ಟಿನಲ್ಲಿ ಕುಚ್ಚಲಕ್ಕಿಗೂ 20 ಶೇಕಡ ರಫ್ತು ತೆರಿಗೆ ಬಿತ್ತು. ಆ ವಾರ ಅಂಗಡಿಗೆ ಬಂದ ನಮ್ಮ ಊರಿನವರ ಮುಖ ನನಗೆ ಇನ್ನೂ ನೆನಪುಂಟು. ಒಂದು ಚೀಲ ಬೇಕಾದವರು ಮೂರು ಕೇಳುತ್ತಿದ್ದರು. ಕಟ್ಟಡದ ಕೆಲಸದ ಹುಡುಗನೊಬ್ಬ ಐದು ಕಿಲೋದ ಚೀಲ ಕೈಗೆ ತೆಗೆದು, ಸ್ಟಿಕ್ಕರಿನ ದರ ನೋಡಿ, ವಾಪಸ್ ಇಟ್ಟು ಖುಬೂಸ್ ರೊಟ್ಟಿ ತೆಗೆದುಕೊಂಡು ಹೋದ.

ನಮ್ಮವರು ದರ ಏರಿದರೂ ಹೇಗಾದರೂ ಕೊಳ್ಳುತ್ತಾರೆ. ಭಾರತದ ಅಕ್ಕಿ ನಂಬಿಕೊಂಡ ಆಫ್ರಿಕಾದ ದೇಶಗಳ ಪಾಡು ಯೋಚಿಸಿ. ಅದಕ್ಕೂ ಒಂದು ವರ್ಷ ಮೊದಲು ಯುಕ್ರೇನಿನ ಯುದ್ಧದಿಂದ ಗೋಧಿಗೆ ಇದೇ ಗತಿಯಾಗಿತ್ತು. ಅಕ್ಕಿ ಲೋಕದಲ್ಲಿ ಇಲ್ಲ ಅಂತಲ್ಲ. ಕೊಳ್ಳುವವನ ಕೈಯಲ್ಲಿ ದುಡ್ಡಿಲ್ಲ, ಮಾರುವವನಿಗೆ ತನ್ನ ಮನೆಯ ಹೆದರಿಕೆ, ನಡುವೆ ಯುದ್ಧ. ಹಸಿವಿಗೆ ಜಾಸ್ತಿ ಕಾರಣ ಇವೇ. ಹಾಗಾಗಿ ನಿಮ್ಮ ಎಕ್ರೆಯ ಅಕ್ಕಿ ಸೂಡಾನಿಗೆ ಹೋಗುವುದಿಲ್ಲ ಅಕ್ಕಾ, ಅದು ನಿಜ. ಆದರೆ "ದುಡ್ಡು ಇದ್ದರೆ ಅಕ್ಕಿ ಎಲ್ಲಿಂದಾದರೂ ಬರುತ್ತದೆ" ಅನ್ನುವ ಮಾತನ್ನು ನಾನು ಈಗ ನಂಬುವುದಿಲ್ಲ.

ಎಣ್ಮಕಜೆಯ ಅಕ್ಕ

ನಾವು ಕುಟುಂಬಶ್ರೀಯ (ಕೇರಳದ ಹೆಂಗಸರ ಸ್ವಸಹಾಯ ಸಂಘ) ಐದು ಹೆಂಗಸರು ಸೇರಿ ಬೇರೆಯವರ ಹಡಿಲು ಗದ್ದೆ ಗೇಣಿಗೆ ಹಿಡಿದು ಬೆಳೆಯುತ್ತೇವೆ. ಇದು ನಾಲ್ಕನೇ ವರ್ಷ.

ಐದು ವರ್ಷದ ಹುಲ್ಲಿಗೆ ಹೆದರಬೇಡಿ ತಂಗಿ. ಎರಡು ಮಳೆ ಬಿದ್ದ ಮೇಲೆ ಹುಲ್ಲು ಸವರಿ, ಟಿಲ್ಲರಿನಲ್ಲಿ ಒಮ್ಮೆ ಉತ್ತು, ಹುಣಿ ಕಟ್ಟಿ ನೀರು ನಿಲ್ಲಿಸಿ. ಹದಿನೈದು ದಿನ ಹಾಗೇ ಬಿಡಿ. ಹುಲ್ಲು ಕೊಳೆತು ವಾಸನೆ ಬರುತ್ತದೆ, ಅದೇ ಗೊಬ್ಬರ. ಆಮೇಲೆ ಇನ್ನೊಮ್ಮೆ ಉತ್ತು ನೇಜಿ ನೆಡಿ. ಮೊದಲ ವರ್ಷ ಭದ್ರಾ ತಳಿ ಹಾಕಿ, ಎಂಒ4 ಅಂತಾರಲ್ಲ ಅದು. ಬೈಲಿಗೆ ಒಗ್ಗುತ್ತದೆ. ಆದರೆ ಹುಣಿ ಕಟ್ಟುವುದನ್ನು ಆಳಿಗೆ ಬಿಟ್ಟು ಒಳಗೆ ಕೂರಬೇಡಿ. ಏಡಿಯ ತೂತು ಒಂದು ಉಳಿದರೂ ರಾತ್ರಿ ಬೆಳಗಾಗುವಾಗ ಗದ್ದೆ ಖಾಲಿ. ನಾವು ಹಿಮ್ಮಡಿಯಲ್ಲಿ ಒತ್ತಿ ಒತ್ತಿ ನೋಡುತ್ತೇವೆ, ಮೆತ್ತಗೆ ಹೂತುಹೋದ ಕಡೆ ತೂತು ಇರುತ್ತದೆ, ಅಲ್ಲಿಗೆ ಮಣ್ಣು ತುಳಿದು ತುಂಬಿಸಬೇಕು.

ದೊಡ್ಡ ಕಷ್ಟ ಕಾಡುಹಂದಿ. ತೆನೆ ಹಾಲು ತುಂಬುವ ಹೊತ್ತಿಗೆ ಸರಿಯಾಗಿ ಬರುತ್ತವೆ. ಕಳೆದ ಸಲ ಒಂದೇ ರಾತ್ರಿಗೆ ಮುಕ್ಕಾಲು ಗದ್ದೆ ಮಗುಚಿ ಹಾಕಿದ್ದವು, ಬೆಳಿಗ್ಗೆ ಹೋಗಿ ನೋಡಿದ ನಾವು ಐವರೂ ಹುಣಿಯಲ್ಲಿ ಕೂತು ಅತ್ತಿದ್ದೇವೆ. 2022ರಿಂದ ಹಂದಿ ಕೊಲ್ಲಲು ಪಂಚಾಯತ್ ಅಧ್ಯಕ್ಷರೇ ಅನುಮತಿ ಕೊಡಬಹುದು. ಆದರೆ ಲೈಸೆನ್ಸ್ ಇರುವ ಕೋವಿಯವರು ಸಿಗಬೇಕಲ್ಲ. ಈಗ ಸರದಿಯಲ್ಲಿ ರಾತ್ರಿ ಕಾಯುತ್ತೇವೆ.

ವಿಷದ ಬಾಟಲಿ ಮಾತ್ರ ನಾವು ಗದ್ದೆಗೆ ತರುವುದಿಲ್ಲ. ನಮ್ಮ ಕಡೆ 2000ದ ತನಕ ಗೇರು ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು, ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ಆ ವಿಷಕ್ಕೆ ತುತ್ತಾದ ಮಕ್ಕಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ ತಾಯಂದಿರು ನಮ್ಮ ಗುಂಪಿನಲ್ಲೇ ಇದ್ದಾರೆ. ಬೇರೆಯವರು ಹೊಡೆದರೆ ನಾನು ಜಗಳಕ್ಕೆ ಹೋಗುವುದಿಲ್ಲ, ನಮ್ಮ ಕೈಯಿಂದ ಆಗದು.

ನಿಮಗೆ ಒಬ್ಬರೇ ಮಾಡಲು ಕಷ್ಟವಾದರೆ ಹೇಳಿ, ನಮ್ಮ ಗುಂಪು ಬಂದು ನೋಡುತ್ತದೆ. ಗೇಣಿ ಅಕ್ಕಿಯಲ್ಲೇ ಕೊಡುತ್ತೇವೆ.

ಕೃಷಿ ಕಾಲೇಜಿನ ಹುಡುಗ, ಮುಳ್ಳೇರಿಯ

ಅಕ್ಕ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ವಿಷ ಬೇಡ ಅನ್ನುವುದು ಸರಿ. ಗೊಬ್ಬರದ ವಿಷಯದಲ್ಲಿ ಮಾತ್ರ ಒಂದೇ ವರ್ಷದಲ್ಲಿ ಎಲ್ಲ ಬಿಟ್ಟುಬಿಡುತ್ತೇನೆ ಅಂತ ಹೊರಡಬೇಡಿ. ಶ್ರೀಲಂಕಾ 2021ರ ಏಪ್ರಿಲಿನಲ್ಲಿ ರಾಸಾಯನಿಕ ಗೊಬ್ಬರ ತರಿಸುವುದನ್ನು ಒಮ್ಮೆಲೇ ನಿಲ್ಲಿಸಿತು. ಹಟ್ಟಿಗೊಬ್ಬರ, ಸೊಪ್ಪು ಅಷ್ಟು ಪ್ರಮಾಣದಲ್ಲಿ ತಯಾರಿರಲಿಲ್ಲ. ಭತ್ತ ಕೈಕೊಟ್ಟಿತು, ನವೆಂಬರಿಗೆ ನಿರ್ಧಾರ ಹಿಂದೆ ತೆಗೆದುಕೊಂಡರು, ತನ್ನ ಅಕ್ಕಿ ತಾನೇ ಬೆಳೆಯುತ್ತಿದ್ದ ದೇಶ ಹೊರಗಿನಿಂದ ತರಿಸಬೇಕಾಯಿತು. ಇನ್ನೊಂದು ಕಡೆ, ರಾಸಾಯನಿಕವನ್ನೇ ನಂಬಿ ಕೂರುವುದೂ ಗಟ್ಟಿ ನೆಲ ಅಲ್ಲ. ನಮ್ಮ ದೇಶಕ್ಕೆ ಬೇಕಾದ ಪೊಟ್ಯಾಶ್ ಪೂರ್ತಿ ಹೊರಗಿನದು. ಯೂರಿಯಾ ಮಾಡುವ ಗ್ಯಾಸೂ ಬಹುಪಾಲು ಹಡಗಿನಲ್ಲಿ ಬರುತ್ತದೆ. ಹಾಗಾಗಿ ನೇಜಿಗೆ ಮೊದಲು ಡೈಂಚಾ (ಹಸಿರು ಗೊಬ್ಬರದ ಗಿಡ) ಬಿತ್ತಿ ಹೂ ಬಿಡುವ ಮೊದಲು ಉತ್ತು ಸೇರಿಸಿ, ಹಟ್ಟಿಗೊಬ್ಬರ, ಸುಡುಮಣ್ಣು ಹಾಕಿ, ಸಾಲದ್ದಕ್ಕೆ ಮಣ್ಣು ಪರೀಕ್ಷೆ ಮಾಡಿಸಿ ಅಳತೆಯಲ್ಲಿ ಕೊಡಿ. ಮೂರ್ನಾಲ್ಕು ವರ್ಷದಲ್ಲಿ ಕಡಿಮೆ ಮಾಡುತ್ತಾ ಬನ್ನಿ.

ಗದ್ದೆಯಲ್ಲಿ ನಿಂತ ನೀರಿನಿಂದ ಮೀಥೇನ್ ಬರುತ್ತದೆ ಅಂತ ಯಾರಾದರೂ ಹೇಳಬಹುದು. ಹೌದು, ಬರುತ್ತದೆ. ಆಗಾಗ ನೀರು ಆರಿಸಿ ಮತ್ತೆ ಕಟ್ಟಿದರೆ ಅದು ಚೆನ್ನಾಗಿ ಇಳಿಯುತ್ತದೆ. ಏಣೇಲಿನ ಮಳೆಯಲ್ಲಿ ನಮ್ಮ ಬೈಲಿನಲ್ಲಿ ಅದು ಆಗುವ ಮಾತಲ್ಲ. ಸುಗ್ಗಿಗೆ ಖಂಡಿತ ಆಗುತ್ತದೆ, ನೀರೂ ಉಳಿಯುತ್ತದೆ.

ಇನ್ನು ಟೀಚರ್ ಕೇಳಿದ ಮೂಲ ಪ್ರಶ್ನೆ. ನನಗೆ ಬೀಜದ ಕಡೆಯಿಂದ ಉತ್ತರ ಕಾಣುತ್ತದೆ. ಎರಡು ವಾರ ನೆರೆಯಲ್ಲಿ ಮುಳುಗಿದರೂ ಬದುಕುವ ಸ್ವರ್ಣ-ಸಬ್1 ತಳಿ 2009ರಲ್ಲಿ ನಮ್ಮ ದೇಶದ ರೈತರಿಗೆ ಸಿಕ್ಕಿತು. ಆ ಗುಣ ಬಂದದ್ದು ಒಡಿಶಾದ ಒಂದು ಹಳೇ ಊರ ಭತ್ತದಿಂದ. ಉಪ್ಪುನೀರು ತಡೆಯುವ ಗುಣಕ್ಕೆ ಲೋಕದ ವಿಜ್ಞಾನಿಗಳು ಹುಡುಕಿಕೊಂಡು ಬಂದದ್ದು ನಮ್ಮದೇ ಕೇರಳದ ಪೊಕ್ಕಾಳಿ ಭತ್ತಕ್ಕೆ. ಯಾರೋ ಹೆಸರಿಲ್ಲದ ರೈತರು ಅದನ್ನು ವರ್ಷ ವರ್ಷ ಬಿತ್ತಿ ಉಳಿಸಿಕೊಂಡಿದ್ದರಿಂದ ಅದು ಇತ್ತು. ನಮ್ಮ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಜಾಸ್ತಿ ಭತ್ತದ ತಳಿ ಉಳಿಸಿಕೊಂಡು ಬಂದಿದ್ದಾರೆ, ರಾಜಕಯಮೆ ತಳಿಯನ್ನು ನಮ್ಮ ಕಡೆ ಹಬ್ಬಿಸಿದ್ದಾರೆ, 2024ರಲ್ಲಿ ಪದ್ಮಶ್ರೀ ಬಂತು. ಅವರು ಒಂದೊಂದು ತಳಿಯನ್ನು ಸಣ್ಣ ಸಣ್ಣ ತೊಟ್ಟೆ (ಚೀಲ)ಗಳಲ್ಲಿ ಬೆಳೆಸುತ್ತಾರೆ. ಅದು ಬೀಜಕ್ಕೆ ಸಾಕು, ಊಟಕ್ಕೆ ಗದ್ದೆಯೇ ಬೇಕು. ಅರ್ಧ ಎಕ್ರೆ ಭದ್ರಾ ಹಾಕಿ, ಒಂದು ಮೂಲೆಯಲ್ಲಿ ಕಯಮೆ ಹಾಕಿ ನೋಡಿ. ಗದ್ದೆ ಒಮ್ಮೆ ಮಣ್ಣಿನಡಿ ಹೋದರೆ ವಾಪಸ್ ಬರುವುದಿಲ್ಲ. ಅಡಿಕೆಯನ್ನಾದರೆ ಮುಂದಿನ ವರ್ಷವೂ ಇಡಬಹುದು.

ಬೈಲಿನ ಮನೆ, ಬದಿಯಡ್ಕ

ಎಲ್ಲರಿಗೂ ತುಂಬ ಉಪಕಾರ. ನಿಮ್ಮ ಉತ್ತರಗಳನ್ನು ಅಣ್ಣನಿಗೆ ಫೋನಿನಲ್ಲೇ ಓದಿ ಹೇಳಿದೆ. ಪೆರ್ಲದ ಅಣ್ಣ ಬರೆದ ಬಾವಿಯ ಮೆಟ್ಟಿಲಿನ ವಿಷಯಕ್ಕೆ ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ನಮ್ಮ ಬಾವಿಯಲ್ಲಿ ಈಗ ಎಷ್ಟು ನೀರುಂಟು?" ಅಂತ ಕೇಳಿದ. ಹೋಗಿ ನೋಡಿ ಹೇಳಿದೆ. ಎರಡು ವರ್ಷ ಸಮಯ ಕೊಡುತ್ತೇನೆ, ಕೈಯಿಂದ ದುಡ್ಡು ಹಾಕಿ ನಷ್ಟ ಮಾಡಿಕೊಳ್ಳಬೇಡ ಅಂದಿದ್ದಾನೆ. ಜೇಸೀಬಿಯವನಿಗೆ ಬೇಡ ಅಂತ ಹೇಳಿ ಆಯಿತು.

ಕೃಷಿ ಭವನಕ್ಕೂ ಹೋಗಿ ಬಂದೆ. ನಮ್ಮ ಗದ್ದೆ ಡಾಟಾ ಬ್ಯಾಂಕಿನಲ್ಲಿ ಉಂಟು.

ಎಣ್ಮಕಜೆಯ ಅಕ್ಕಾ, ಮುಕ್ಕಾಲು ಪಾಲು ನಿಮ್ಮ ಗುಂಪು ಮಾಡಿದರೆ ಒಳ್ಳೆಯದು. ಮನೆ ಹತ್ತಿರದ ಕಾಲು ಎಕ್ರೆ ನಾನೇ ಮಾಡಬೇಕು ಅಂತ ಆಸೆ, ಅದರಲ್ಲಿ ಕಯಮೆ. ಅಪ್ಪನ ಹಾರೆ, ಮುಟ್ಟಾಳೆ ಕೊಟ್ಟಿಗೆಯಲ್ಲೇ ಉಂಟು. ಹಟ್ಟಿಗೊಬ್ಬರ ಮಾತ್ರ ನಮ್ಮಲ್ಲಿ ಇಲ್ಲ, ದನ ಮಾರಿ ಮೂರು ವರ್ಷ ಆಯಿತು. ಹತ್ತಿರ ಯಾರಲ್ಲಾದರೂ ಇದ್ದರೆ ತಿಳಿಸಿ.

ಎಣ್ಮಕಜೆಯ ಅಕ್ಕ

ಆದಿತ್ಯವಾರ ನಾವು ಮೂರು ಜನ ಬರುತ್ತೇವೆ. ಬರುವಾಗ ಗದ್ದೆಗೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ ಅಂತ ಗೊತ್ತಿರುವ ಹಿರಿಯರು ಯಾರಾದರೂ ನಿಮ್ಮ ಹತ್ತಿರ ಇದ್ದರೆ ಕರೆದಿಡಿ. ಗೊಬ್ಬರ ನಮ್ಮ ಹಟ್ಟಿಯಲ್ಲಿ ಒಂದು ಪಿಕಪ್‌ನಷ್ಟು ಉಂಟು. ದನ ಎರಡೂ ಕಾಸರಗೋಡು ಗಿಡ್ಡ ತಳಿ, ಸೆಗಣಿ ಕಡಿಮೆ, ಆದರೆ ಒಳ್ಳೆ ಹುಡಿ ಗೊಬ್ಬರ. ಗಾಡಿ ಬಾಡಿಗೆ ನೀವು ಕೊಟ್ಟರೆ ಸಾಕು.