ಗೋಕುಲ ರೋಡ್ ಮಷಿನ್ ಶಾಪ್‌ನಾಗ ಕ್ವಾಲಿಟಿ ಇನ್‌ಸ್ಪೆಕ್ಟರ್ ಇಂಟರ್‌ವ್ಯೂ: ಐದು ದಿನದಾಗ ಏನ್ ತಯಾರಿ ಮಾಡ್ಕೋಬೇಕು?

ಬೆಟಗೇರಿ_ಡಿಪ್ಲೊಮಾ:
ಎಲ್ಲಾರಿಗೂ ನಮಸ್ಕಾರ ರೀ. ಮೆಕ್ಯಾನಿಕಲ್ ಡಿಪ್ಲೊಮಾ ಮುಗದೈತಿ, ಊರು ಗದಗ-ಬೆಟಗೇರಿ. ಬರೋ ಗುರುವಾರ ಮುಂಜಾನೆ 10ಕ್ಕ ಹುಬ್ಬಳ್ಳಿ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್‌ನಾಗ ಇಂಟರ್‌ವ್ಯೂ ಐತಿ. ಕೆಲಸ ಕ್ವಾಲಿಟಿ ಇನ್‌ಸ್ಪೆಕ್ಟರ್ ಟ್ರೇನಿ, ಸಿಟಿಸಿ (ನಮ್ಮ ಮ್ಯಾಲ ಕಂಪನಿ ಮಾಡೂ ಒಟ್ಟು ಖರ್ಚು) ತಿಂಗಳಿಗೆ 20,000 ಅಂದಾರ. "ಟೆಕ್ನಿಕಲ್ ರೌಂಡ್ ಇರತೈತಿ, ಒರಿಜಿನಲ್ ತಗೊಂಡು ಬರ್ರಿ" ಅಂತ ಹೇಳ್ಯಾರ. ಮೆಟ್ರಾಲಜಿ (ಅಳತಿ ಶಾಸ್ತ್ರ) ಪುಸ್ತಕ ಪೂರ್ತಿ ಓದ್ಬೇಕೇನು? ಇಂಗ್ಲಿಷ್ ಮಾತಾಡೂದಂದ್ರ ಬಾಳ ಅಂಜಿಕಿ. ತಿಳದವ್ರು ಹೇಳ್ರಿ.

ಗೇಜ್_ರೂಮ್:
ಪುಸ್ತಕ ಪೂರ್ತಿ ಬ್ಯಾಡ ತಂಗಿ. ಈ ಕೆಲಸಕ್ಕ ಟೇಬಲ್ ಮ್ಯಾಲ ಒಂದು ವರ್ನಿಯರ್, ಒಂದು ಮೈಕ್ರೋಮೀಟರ್ (ಎರಡೂ ಸೂಕ್ಷ್ಮ ಅಳತಿ ಉಪಕರಣ), ಒಂದು ಜಾಬ್ (ಅಂದ್ರ ಮಷಿನ್ ಮ್ಯಾಲ ಮಾಡಿದ ಭಾಗ), ಒಂದು ಡ್ರಾಯಿಂಗ್ ಇಟ್ಟು "ಅಳದು ಹೇಳ್ರಿ" ಅಂತಾರ. ಅಲ್ಲಿ ನೋಡೂದು ನಿನ್ನ ಕೈ. ಕಾಲೇಜ್ ಲ್ಯಾಬಿಗೆ ಹೋಗಿ ಎರಡು ದಿನ ಬರೇ ಅಳತಿ ಮಾಡು.

ಉಪಕರಣ ಕೊಟ್ಟ ಕೂಡ್ಲೆ ಜಾಬಿಗೆ ಹಚ್ಚಬ್ಯಾಡ. ಮೊದಲ ಜಾ (ಜಾಬ್ ಹಿಡಿಯೂ ದವಡಿ) ಎರಡೂ ಬಟ್ಟಿಲೆ ಒರಸು, ಪೂರ್ತಿ ಮುಚ್ಚು, ಸೊನ್ನಿಗೆ ಸೊನ್ನಿ ಕೂಡತೈತೇನು ನೋಡು. ವರ್ನಿಯರ್ ಸೊನ್ನಿ ಬಲಕ್ಕ ಸರದಿದ್ರ ಬಂದ ರೀಡಿಂಗ್‌ನಾಗ ಅಷ್ಟು ಕಳೀಬೇಕು, ಎಡಕ್ಕಿದ್ರ ಕೂಡಸಬೇಕು. ಆಮ್ಯಾಲ ಜಾಬ್ ಒರಸಿ, ಅಂಚಿನ ಮ್ಯಾಲ ಬರ್ (ಕೊರದಾಗ ಉಳಿದ ಚೂಪು ಮುಳ್ಳು) ಐತೇನು ಅಂತ ನೋಡು. ಈ ಅರ್ಧ ನಿಮಿಷದಾಗ ಮುಂದ ಕುಂತವರಿಗೆ ಅರ್ಧ ಉತ್ತರ ಸಿಕ್ಕಿರತೈತಿ.

50 ಗೆರಿ ವರ್ನಿಯರ್‌ದು ಲೀಸ್ಟ್ ಕೌಂಟ್ (ಓದಬಹುದಾದ ಅತಿ ಸಣ್ಣ ಅಳತಿ) 0.02 ಮಿ.ಮೀ. ಮೇನ್ ಸ್ಕೇಲ್ 24, ಕೂಡಿದ್ದು 17ನೇ ಗೆರಿ ಅಂದ್ರ 24.34. ಗಡಿಬಿಡ್ಯಾಗ 24.17 ಅಂತ ಹೇಳಿಬಿಡ್ತಾರ, ಜ್ವಾಕಿ. ಮೈಕ್ರೋಮೀಟರ್‌ನಾಗ ತಪ್ಪೋದು ಅರ್ಧ ಮಿ.ಮೀ. ಗೆರಿ. ಸ್ಲೀವ್ (ತಿರುಗದ ಕೊಳವಿ) ಮ್ಯಾಲ 7 ದಾಟಿ ಅರ್ಧದ ಗೆರಿನೂ ಕಂಡು, ಥಿಂಬಲ್ (ತಿರುಗೂ ಕೊಳವಿ) 23 ಇದ್ರ 7.73, ಆ ಗೆರಿ ಬಿಟ್ರ 7.23 ಆಗಿ ಚಲೋ ಜಾಬ್ ರಿಜೆಕ್ಟ್ ಆಗತೈತಿ. ಥಿಂಬಲ್ ಹಿಡದು ಬಿಗೀಬ್ಯಾಡ, ಫ್ರೇಮ್ ಹಿಗ್ಗಿ ರೀಡಿಂಗ್ ಕಮ್ಮಿ ತೋರಸತೈತಿ. ರ‍್ಯಾಚೆಟ್ ಎರಡು ಮೂರು ಸಲ ಕಟ್‌ಕಟ್ ಅಂದ ಮ್ಯಾಲ ಓದು.

ಡ್ರಾಯಿಂಗ್ ಮ್ಯಾಲ 25 ಹೆಚ್7 ಅಂತ ಬೋರ್ (ದುಂಡನ ತೂತು) ತೋರಿಸಿ "ವರ್ನಿಯರ್ ನಡೀತೈತೇನು?" ಅಂತ ಕೇಳಬಹುದು. 25 ಹೆಚ್7 ಅಂದ್ರ 25.000ದಿಂದ 25.021. ಟಾಲರೆನ್ಸೇ (ಅಳತಿಯೊಳಗ ಬಿಟ್ಟುಕೊಟ್ಟ ಫರಕ್) 0.021 ಇದ್ದಾಗ 0.02 ಓದೂ ವರ್ನಿಯರ್ ಏನ್ ಹೇಳೀತು? ಟಾಲರೆನ್ಸಿನ ಹತ್ತನೇ ಒಂದು ಭಾಗದಷ್ಟು ಸೂಕ್ಷ್ಮ ಓದೂ ಉಪಕರಣ ಬೇಕು. ಅದಕ್ಕ 0.001 ಡಯಲ್ ಇರೋ ಬೋರ್ ಗೇಜ್, ಇಲ್ಲಾಂದ್ರ ಪ್ಲಗ್ ಗೇಜ್ (ತೂತಿನ್ಯಾಗ ಹಾಕಿ ನೋಡೂ, ಎರಡು ಬಾಜೂ ಇರೋ ಗೇಜ್) ಅಂತ ಹೇಳು. ಗೋ ಬಾಜೂ 25.000, ಅದು ಒತ್ತದ ಹೋಗಬೇಕು. ನೋ-ಗೋ 25.021, ಅದು ಹೋಗಬಾರದು. ಗೋ ಹೋಗಲಿಲ್ಲಂದ್ರ ಬೋರ್ ಸಣ್ಣದೈತಿ, ಇನ್ನಷ್ಟು ಹೊಡದು ರಿವರ್ಕ್ ಮಾಡಬಹುದು. ನೋ-ಗೋ ಹೋತಂದ್ರ ಸ್ಕ್ರ್ಯಾಪ್. ಈ ಫರಕ್ ಕೇಳದನ ಹೇಳಿದ್ರ ಬಾಳ ಚಲೋ.

ಲೈನ್_ಸೂಪರ್‌ವೈಸರ್_ತಾರಿಹಾಳ:
ಮ್ಯಾಲ ಹೇಳಿದ್ದಕ್ಕ ಒಂದು ಕೂಡಸ್ತೇನ್ರಿ: ಬಿಸಿ ಜಾಬ್. ಮಷಿನ್‌ನಿಂದ ಈಗಷ್ಟ ಇಳಿಸಿದ ಉಕ್ಕಿನ ಜಾಬ್ 20 ಡಿಗ್ರಿ ಹೆಚ್ಚು ಬಿಸಿ ಇದ್ರ, 100 ಮಿ.ಮೀ. ಅಳತಿ ಸುಮಾರು 0.023 ಮಿ.ಮೀ. ಜಾಸ್ತಿ ಬರತೈತಿ. ಓಕೆ ಅಂತ ಬಿಟ್ಟ ಜಾಬ್ ಆರಿದ ಮ್ಯಾಲ ಅಂಡರ್‌ಸೈಜ್. ಅದಕ್ಕ ಆರಾಕ ಬಿಟ್ಟು ಅಳೀಬೇಕು.

ಇನ್ನೊಂದು ಪ್ರಶ್ನೆ ಬಂದ ಬರತೈತಿ: "ಲಾರಿ ನಿಂತೈತಿ, ಜಾಬ್ ಔಟ್ ಐತಿ (ಅಳತಿ ಮೀರೈತಿ), ಪಾಸ್ ಮಾಡು ಅಂತಾರ, ಏನ್ ಮಾಡ್ತಿ?" "ಮಾಡಂಗಿಲ್ಲ" ಅಂತ ಅಷ್ಟ ಅಂದು ಕುಂಡ್ರಬ್ಯಾಡ. ಬ್ಯಾರೆ ಉಪಕರಣದಿಂದ ಇನ್ನೊಮ್ಮೆ ಅಳೀತೇನಿ, ಔಟ್ ಇದ್ರ ಕೆಂಪು ಟ್ಯಾಗ್ ಹಚ್ಚಿ ಬ್ಯಾರೆ ಇಡ್ತೇನಿ, ಹಿಂದಿನ ಓಕೆ ಜಾಬ್‌ನಿಂದ ಇಲ್ಲೀತನಾ ಬಂದಿದ್ದೆಲ್ಲಾ ಮತ್ತ ಚೆಕ್ ಮಾಡ್ತೇನಿ, ಸೂಪರ್‌ವೈಸರಿಗೆ ಬರದು ತಿಳಿಸ್ತೇನಿ, ಅಂತ ಸಾಲಾಗಿ ಹೇಳು.

ಇಂಗ್ಲಿಷ್ ಅಂಜಿಕಿ ಬಿಡು. ಶಾಪ್ ಫ್ಲೋರ್‌ನಾಗ ಮಾತೆಲ್ಲಾ ಕನ್ನಡದಾಗ. ಹೆಸರು, ಊರು, ಓದು, ಪ್ರಾಜೆಕ್ಟು ಇಷ್ಟನ್ನ ಆರೇಳು ವಾಕ್ಯದಾಗ ಇಂಗ್ಲಿಷ್‌ನಾಗ ಬರಕೊಂಡು, ದಿನಾ ಐದು ಸಲ ಗಟ್ಟಿಯಾಗಿ ಹೇಳು. ಪ್ರಾಜೆಕ್ಟ್ ನಾಕು ಮಂದಿ ಮಾಡಿದ್ರ ನಿನ್ನ ಪಾಲಿನ ಕೆಲಸ ಯಾವುದು ಅನ್ನೂದು ಸ್ಪಷ್ಟ ಇರಲಿ. ಆಮ್ಯಾಲ "ಕನ್ನಡದಾಗ ಹೇಳಬಹುದೇನ್ರಿ ಸರ್?" ಅಂತ ಕೇಳು. ತಪ್ಪೇನಿಲ್ಲ.

ಧಾರವಾಡ_ಹೆಚ್‌ಆರ್:
ಸಂಬಳದ ಲೆಕ್ಕ ಮೊದಲ ತಿಳ್ಕೋರಿ. ಸಿಟಿಸಿ 20,000 ಕೈಗೆ ಬರೂದಿಲ್ಲ. ಉದಾಹರಣೆಗೆ ಒಟ್ಟು ಪಗಾರ 18,000, ಅದರಾಗ ಬೇಸಿಕ್ 12,000 ಅನ್ಕೋರಿ. ಕಂಪನಿ ಪಾಲಿನ ಪಿಎಫ್ ಶೇ 12 ಅಂದ್ರ 1,440, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮಾ) ಶೇ 3.25 ಅಂದ್ರ 585. ಇವೆರಡೂ ಕೂಡಿ ಸಿಟಿಸಿ 20,025 ಆಗ್ತದ. ನಿಮ್ಮ ಪಾಲಿನ ಪಿಎಫ್ 1,440, ಇಎಸ್‌ಐ ಶೇ 0.75ರಂಗ 135 ಕಡದು ಕೈಗೆ ಬರೂದು 16,425. ಹಂಗಾಗಿ "ಕೈಗೆ ಎಷ್ಟು ಬರ್ತದ, ಕಂಪನಿ ರೋಲೋ ಕಾಂಟ್ರ್ಯಾಕ್ಟೋ, ಟ್ರೇನಿಂಗ್ ಎಷ್ಟು ತಿಂಗಳು" ಈ ಮೂರೂ ಕೊನೀಗೆ ಮರ್ಯಾದಿಲೇ ಕೇಳ್ರಿ.

ಕಾಗದ: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆರೂ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್, ಪ್ರೊವಿಜನಲ್ ಸರ್ಟಿಫಿಕೇಟ್, ಆಧಾರ್, ಎರಡು ಸೆಟ್ ಝೆರಾಕ್ಸ್, ನಾಕು ಫೋಟೋ. ಮಾರ್ಕ್ಸ್ ಕಾರ್ಡ್‌ನಾಗ ಇನಿಷಿಯಲ್ ಇದ್ದು ಆಧಾರ್‌ನಾಗ ಪೂರ್ತಿ ಹೆಸರಿದ್ರ ಪಿಎಫ್ ಹೊತ್ತಿನ್ಯಾಗ ತೊಡಕಾಗ್ತದ, ಈಗಿಂದನ ನೋಡ್ಕೋರಿ. ಒರಿಜಿನಲ್ ತೋರಿಸಿ ವಾಪಸ್ ಇಸ್ಕೋರಿ. "ಇಲ್ಲೇ ಬಿಟ್ಟು ಹೋಗ್ರಿ" ಅಂದ್ರ ಒಪ್ಪಬ್ಯಾಡ್ರಿ, ಯಾರೇ ಇರಲಿ.

ಬೆಟಗೇರಿ_ಡಿಪ್ಲೊಮಾ:
ಬಾಳ ಉಪಕಾರ ಆತ್ರಿ. ನಾಳೆನ ಲ್ಯಾಬಿಗೆ ಹೋಗ್ತೇನಿ. ಮುಂಜಾನೆ 8ಕ್ಕ ಗದಗ ಬಿಟ್ರ ಸಾಕಾಗತೈತೇನ್ರಿ?

ಲೈನ್_ಸೂಪರ್‌ವೈಸರ್_ತಾರಿಹಾಳ:
ಸಾಲೂದಿಲ್ಲ. ಹುಬ್ಬಳ್ಳಿ ಸುಮಾರು 60 ಕಿ.ಮೀ., ಅಣ್ಣಿಗೇರಿ ಮ್ಯಾಲ ಬರಾಕ ಒಂದೂವರಿ ತಾಸು ಹಿಡಿ, ಅಲ್ಲಿಂದ ಗೋಕುಲ ರೋಡಿಗೆ ಮತ್ತ ಅರ್ಧ ತಾಸು. 7ಕ್ಕ ಬಸ್ಸಿನ್ಯಾಗ ಇರು. ಕಾಲಿಗೆ ಬೂಟು ಹಾಕ್ಕೋ, ಶಾಪ್ ಒಳಗ ಕರ್ಕೊಂಡು ಹೋದ್ರ ಚಪ್ಪಲ್ ಇದ್ದವರನ್ನ ಬಾಗಲದಾಗ ನಿಲ್ಲಸ್ತಾರ.